ಎಲ್ಲರೂ ಬಚ್ಚಿಟ್ಟ ಕಡಲು

ಮಾರ್ಚ್ ೯

ಸೊಸೆಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಮನೆ ಬಿಟ್ಟು ಹೋದಮೇಲೆ ನೀನು ಬರೆದ ಒಂದೇ ಒಂದು ಕಾಗದದಲ್ಲಿ ವಿಳಾಸವಿತ್ತು. ಆ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ. ಇಷ್ಟು ತಡ ಯಾಕೆಂದು ನೀನು ಕೇಳಬೇಡ, ನಾನೂ ಹೇಳುವುದಿಲ್ಲ.

ದಿನಾ ಸಂಜೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗಿರುವುದು ನಿನಗೆ ಗೊತ್ತು. "ಏನ್ ಬರೀತೀರಿ ಅತ್ತೆ, ನನ್ನ ಮೇಲೆ ಚಾಡಿನಾ?" ಎಂದು ರೇಗಿಸುತ್ತಿದ್ದೆ. ನನ್ನ ಮಗ ಹೋದಮೇಲೆ ಆ ಸಾಲುಗಳಲ್ಲಿ ಬರುವುದು ಗಾಳಿಯ ದಿಕ್ಕು, ಮೀನು ಬಿತ್ತೋ ಇಲ್ಲವೋ, ನಾವು ಬಲೆ ಹೆಣೆಯುವ ಶೆಡ್ಡಿಗೆ ಯಾರ ಬಲೆ ಬಂತು, ಇಷ್ಟೇ. ಇವತ್ತು ಬರೆಯಲು ಕುಳಿತರೆ ನಿನ್ನನ್ನು ಕರೆದು ಹೇಳುವ ಹಾಗೆ ಬಂತು. ಸರಿ, ಕಾಗದಕ್ಕೇ ಬರೆಯೋಣ ಎಂದುಕೊಂಡೆ.

ನಿನ್ನ ಕಚೇರಿಯವರು ಇಲ್ಲಿಗೆ ಬಂದಿದ್ದರು. ಅವರ ಚೀಲದ ಮೇಲೆ ನಿನ್ನ ಲಕೋಟೆಯ ಮೇಲಿದ್ದ ಮುದ್ರೆಯೇ ಇತ್ತು. ಮೀನು ಹರಾಜಿನ ಕಟ್ಟಡದಲ್ಲಿ, ತಕ್ಕಡಿಯ ಪಕ್ಕ ಮಡಚುವ ಮೇಜು ಹಾಕಿ, ಕಡಲಿನ ನಕ್ಷೆಗಳನ್ನೂ ಒಂದು ಡಬ್ಬಿ ಬಣ್ಣದ ಪೆನ್ಸಿಲುಗಳನ್ನೂ ಇಟ್ಟರು. ಕನ್ನಡಕದ ಹುಡುಗಿಯೊಬ್ಬಳು ದೋಣಿಯವರಿಗೆಲ್ಲ ಹೇಳಿದಳು: "ನಮ್ಮ ದೇಶದ ಇಡೀ ಕಡಲಿಗೆ ಒಂದೇ ಯೋಜನೆ ಮಾಡ್ತಾ ಇದ್ದೀವಿ. ಹಡಗು ಎಲ್ಲಿ ಹೋಗ್ಬೇಕು, ಗಾಳಿಯಂತ್ರ ಎಲ್ಲಿ ನಿಲ್ಬೇಕು, ಕೇಬಲ್ ಎಲ್ಲಿ ಹಾಯ್ಬೇಕು, ಎಲ್ಲಾ ಅದ್ರಲ್ಲಿ ಬರುತ್ತೆ. ನೀವು ಎಲ್ಲಿ ಮೀನು ಹಿಡೀತೀರೋ ಅಲ್ಲಿ ಹಸಿರು ಹಚ್ಚಿ. ಆ ಜಾಗನ ನಿಮಗೇ ಉಳಿಸೋಕೆ ನೋಡ್ತೀವಿ."

ಕೇಳಿದ್ದು ಯಾರನ್ನು! ನಮ್ಮವರು ಎಷ್ಟು ಹಿಡಿದೆ ಎಂದರೆ ಅರ್ಧ ಹೇಳುತ್ತಾರೆ, ಎಲ್ಲಿ ಹಿಡಿದೆ ಎಂದರೆ ಬೇರೆ ದಿಕ್ಕು ತೋರಿಸುತ್ತಾರೆ. ದಕ್ಷಿಣಕ್ಕೆ ಹೋಗುವವನೂ ಮೊದಲು ಉತ್ತರಕ್ಕೆ ಹೊರಟು, ದಡ ಮರೆಯಾದ ಮೇಲೆ ದೋಣಿ ತಿರುಗಿಸುತ್ತಾನೆ. ಅಪ್ಪ ಮಗನಿಗೆ ಹೇಳುವುದೂ ತನ್ನ ಕೈಕಾಲು ಸೋತ ಮೇಲೇ.

ನನ್ನ ತಮ್ಮ, ಬಾಯಿ ಮುಚ್ಚದ ನಿಮ್ಮೆಲ್ಲರ ರೇಡಿಯೊ, ಮೊದಲು ಪೆನ್ಸಿಲು ಹಿಡಿದ. ಉತ್ತರದ ಕಡಲನ್ನು ತಿಕ್ಕಿ ತಿಕ್ಕಿ ಹಸಿರು ಮಾಡಿ, "ಇನ್ನೊಂದು ಕೊಡಮ್ಮಾ, ಇದು ಮೊಂಡಾಯ್ತು" ಎಂದ. ಗಡ್ಡದವನು ಬಿಟ್ಟಾನೆಯೇ? "ಅಷ್ಟೂ ನಿಂದಾದ್ರೆ ನಾವೇನು ಬಕೆಟ್‌ನಲ್ಲಿ ಮೀನು ಹಿಡೀಬೇಕಾ?" ಎಂದು ಅದರ ಪಕ್ಕದಲ್ಲೇ ಇನ್ನಷ್ಟು ಉತ್ತರ ಬಳಿದ. ಉಳಿದವರೂ ಅಷ್ಟೇ. ಹರಾಜಿನಕ್ಕ ಸೊಂಟದ ಮೇಲೆ ಕೈಯಿಟ್ಟು, "ಚೆನ್ನಾಗಿ ಬಳಿದೋರಿಗೆ ನಾನೇ ಪೆಪ್ಪರ್‌ಮಿಂಟ್ ಕೊಡ್ತೀನಿ" ಎಂದಳು.

ಉತ್ತರದ ಕಡಲತಳದಲ್ಲಿ ಬರೀ ಕಲ್ಲು. ಶೆಡ್ಡಿಗೆ ಬರುವ ಬಲೆಗಳಲ್ಲಿ ನಾವು ತೊಳೆಯುವುದು ಮೆತ್ತನೆಯ ಕೆಸರು. ಆದರೆ ಬಲೆ ಹೆಣೆಯುವವರು ವೈದ್ಯರಿದ್ದ ಹಾಗೆ, ಕಂಡದ್ದನ್ನು ಆಡುವುದಿಲ್ಲ.

ಆ ಹುಡುಗಿ ಹಡಗಿನ ಮಾತೆತ್ತಿದಾಗ ನನ್ನ ಕೈಯ ಸೂಜಿ ಕೆಳಗೆ ಬಿತ್ತು. ಹಡಗು ನನ್ನ ಮಗನ ದೋಣಿಗೆ ಬಡಿದ ಮೇಲೆ ವಿಚಾರಣೆಯವರು, "ಮಂಜಿನಲ್ಲಿ ದಾರಿ ತಪ್ಪಿ, ಮೀನುಗಾರಿಕೆ ಇಲ್ಲದ ಕಡೆ ಹೋಗಿದ್ದ" ಎಂದು ಬರೆದರು. "ಅವರು ದಾರಿ ತಪ್ಪೋ ಮನುಷ್ಯ ಅಲ್ಲ" ಎಂದು ನೀನು ಅಂದೆ. ಸರಕಾರದವರು ಬರೆದ ಮೇಲೆ ನಾನೇನು ಹೇಳಲಿ ಎಂದು ನಾನು ಅಂದೆ. ಆಮೇಲೆ ನೀನು ಪೆಟ್ಟಿಗೆ ಕಟ್ಟಿದೆ.

ಕೊನೆಯ ಸಲ ಕಡಲಿಗೆ ಹೋಗುವ ಮುಂಚೆ ಅವನು ಸರಿಮಾಡಲೆಂದು ಕೊಟ್ಟಿದ್ದ ಬಲೆ ಶೆಡ್ಡಿನ ಕೊನೆಯ ಕೊಕ್ಕೆಯಲ್ಲಿ ಹಾಗೇ ಇದೆ, ಬಲೆಯನ್ನು ತೇಲಿಸುವ ಹಳದಿ ಬೆಂಡುಗಳ ಸಮೇತ. ಅದನ್ನು ಯಾರೂ ಇಳಿಸುವುದಿಲ್ಲ, ನಾನೂ ಇಳಿಸಿಲ್ಲ.

ಇತಿ,
ನಿನ್ನ ಅತ್ತೆ


ಏಪ್ರಿಲ್ ೨

ಅತ್ತೆಗೆ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಲಕೋಟೆಯನ್ನು ಒಡೆಯದೆ ಒಂದು ಇಡೀ ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ.

ಇಲ್ಲಿ ನನ್ನ ಕೆಲಸ ಹೇಳಲು ಸುಲಭ. ದೇಶದ ಕರಾವಳಿಯ ಉದ್ದಕ್ಕೂ ಬಂದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಎಲ್ಲಿ ಯಾರ ಯಾರ ನಡುವೆ ಜಗಳ ಬರುತ್ತದೆ ಎಂದು ನೋಡುವುದು. ಒಂದೇ ಅಡುಗೆಮನೆ, ಎಂಟು ಜನ ಓರಗಿತ್ತಿಯರು ಎಂದುಕೊಳ್ಳಿ. ಬಂದರಿನವರು, ಹಡಗಿನವರು, ಗಾಳಿಯಂತ್ರದವರು, ಮರಳು ತೆಗೆಯುವವರು, ಕೇಬಲ್ಲಿನವರು, ನೌಕಾಪಡೆ, ಆಮೆ ಮೊಟ್ಟೆಯಿಡುವ ದಡ ಕಾಯುವವರು, ಮೀನಿನವರು. ಇಷ್ಟು ಕಾಲ ಒಬ್ಬೊಬ್ಬರೂ ಒಂದೊಂದು ಕಚೇರಿಯ ಬಾಗಿಲಿಗೆ ಹೋಗಿ ತಮ್ಮ ಒಲೆ ತಾವು ಹೊತ್ತಿಸಿಕೊಂಡು ಬಂದರು. ಈಗ ಮೊದಲ ಸಲ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮನೆಗೊಂದು ಕಟ್ಟಳೆ ಬರೆಯುತ್ತಿದ್ದೇವೆ. ನಮ್ಮ ಹಿರಿಯ ಅಧಿಕಾರಿ ದಿನಾ ಬೆಳಿಗ್ಗೆ, "ಕಡಲು ಖಾಲಿ ಜಾಗ ಅಲ್ಲ, ಯಾರದೋ ಕೆಲಸದ ಜಾಗ. ಇದು ನೆನಪಿದ್ರೆ ಮಾತ್ರ ಪೆನ್ಸಿಲ್ ಎತ್ತಿ" ಎನ್ನುತ್ತಾರೆ.

ನಿಮ್ಮ ಬಂದರಿನ ಹಾಳೆ ಬಂದಿದೆ. ನಾನು ಆ ಮನೆಯವಳಾದ್ದರಿಂದ ಅದನ್ನು ಬೇರೆಯವರಿಗೆ ಕೊಡಿ ಎಂದು ನಾನೇ ಕೇಳಿಕೊಂಡೆ. ದೂರದಿಂದ ನೋಡಿದೆ. ತುಂಬಾ ಹಸಿರಾಗಿದೆ.

ನಿಮ್ಮ ಮೊಣಕಾಲಿನ ನೋವು ಹೇಗಿದೆ?

ಇತಿ,
ಸೊಸೆ


ಜೂನ್ ೧೪

ಸೊಸೆಗೆ,

ಮೊಣಕಾಲು ಇದೆ. ಅದನ್ನು ಬಿಡು.

ಕರಡು ಯೋಜನೆ ಬಂತು. ಹರಾಜಿನ ಕಟ್ಟಡದ ಗೋಡೆಗೆ, ಮೀನಿನ ನೀರು ಹಾರದಷ್ಟು ಎತ್ತರದಲ್ಲಿ ಅಂಟಿಸಿದ್ದಾರೆ. ನಮ್ಮವರು ಹಚ್ಚಿದ ಉತ್ತರವೆಲ್ಲ ಹಸಿರು, "ಸಣ್ಣ ದೋಣಿಗಳ ಮೀನುಗಾರಿಕೆಗೆ ಮೀಸಲು" ಎಂದು ಬರೆದಿದೆ. ಕೇಳಿದ್ದನ್ನು ಕೊಟ್ಟಿದ್ದಾರೆ. ದಕ್ಷಿಣಕ್ಕೆ, ಕಡಲತಳ ತಗ್ಗಾಗಿರುವ ಕಡೆ ಅಗಲವಾದ ನೀಲಿ ಪಟ್ಟಿ ಎಳೆದಿದ್ದಾರೆ, ದೊಡ್ಡ ಹಡಗುಗಳ ಹಾದಿ. ಅದರಲ್ಲಿ ಸಣ್ಣ ದೋಣಿ ನಿಲ್ಲುವಂತಿಲ್ಲ, ಬಲೆ ಬಿಡುವಂತಿಲ್ಲ.

ಅವತ್ತು ಬಂದರಿನಲ್ಲಿ ಹಬ್ಬವಾಗಬೇಕಿತ್ತು. ಆದದ್ದು ಸೂತಕ. ಒಬ್ಬೊಬ್ಬನೇ ಬಂದು ಆ ನೀಲಿ ಪಟ್ಟಿಯ ಮುಂದೆ ನಿಂತ. ಪಕ್ಕದಲ್ಲಿ ಇನ್ನೊಬ್ಬ ಬಂದರೆ ಹಸಿರಿನ ಕಡೆ ತಿರುಗಿ, "ಪರವಾಗಿಲ್ಲ ಕಣೋ, ಚೆನ್ನಾಗೇ ಮಾಡಿದಾರೆ" ಎಂದು ಹೇಳಿ ಹೋದ. ಗಡ್ಡದವನು ಶೆಡ್ಡಿಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಯಾರಾದ್ರೂ ಏನಾದ್ರೂ ಹೇಳ್ಬೇಕು" ಎಂದ.

"ಏನು?"

"ಏನಿಲ್ಲ."

ಅವನು ಎದ್ದು ಹೋದ ಮೇಲೆ ಇನ್ನೊಬ್ಬ ಬಂದ. ಅವನದೂ ಅದೇ ಮಾತು, ಅದೇ "ಏನಿಲ್ಲ". ಸಂಜೆಯವರೆಗೆ ನನ್ನ ಶೆಡ್ಡಿನಲ್ಲಿ ಇದೇ ನಡೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ಇಲ್ಲಿ ಹತ್ತಾರು ಬೆಕ್ಕುಗಳು ಕಣ್ಣು ಮುಚ್ಚಿಕೊಂಡಿವೆ, ಅಷ್ಟರಲ್ಲಿ ಹಾಲಿನ ಪಾತ್ರೆಯನ್ನೇ ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ. ತನ್ನೊಬ್ಬನ ಜಾಗವೇ ಹೋಯಿತೆಂದು ಪ್ರತಿಯೊಬ್ಬನೂ ಒಳಗೊಳಗೇ ಅಳುತ್ತಿದ್ದಾನೆ, ಬಾಯಿ ಬಿಟ್ಟರೆ ಗುಟ್ಟು ಹೋಗುತ್ತದೆ.

ನೀನು ಅಲ್ಲೇ ಇದ್ದೀಯ. ಆ ನೀಲಿ ಪಟ್ಟಿಯನ್ನು ಸ್ವಲ್ಪ, ಒಂದು ಬೆರಳಿನಷ್ಟು, ಆಚೆ ಸರಿಸಲು ಆಗುವುದಿಲ್ಲವೇ? ನಾನು ಯಾವತ್ತೂ ನಿನ್ನನ್ನು ಏನೂ ಕೇಳಿದವಳಲ್ಲ.

ಇತಿ,
ನಿನ್ನ ಅತ್ತೆ


ಜೂನ್ ೨೭

ಅತ್ತೆಗೆ,

ಆಗುವುದಿಲ್ಲ.

ಈ ಮಾತನ್ನು ಮೆತ್ತಗೆ ಹೇಳಲು ಮೂರು ಹಾಳೆ ಹರಿದೆ. ನಕ್ಷೆಯಲ್ಲಿ ಬೆರಳಿನಷ್ಟು ಎಂದರೆ ನೀರಿನಲ್ಲಿ ಒಂದು ಊರಿನಷ್ಟು. ಅತ್ತೆ ಕೇಳಿದರೆಂದು ಇವತ್ತು ನಾನು ಸರಿಸಿದರೆ, ನಾಳೆ ಹಡಗು ಕಂಪನಿಯವನ ಅಳಿಯ ಇನ್ನೊಂದು ಕಡೆ ಸರಿಸುತ್ತಾನೆ. ಆಮೇಲೆ ಇದು ಯೋಜನೆಯಾಗುವುದಿಲ್ಲ, ಮತ್ತೆ ಹಳೆಯ ಬಾಗಿಲುಗಳೇ.

ಆದರೆ ಇದು ಕರಡು ಮಾತ್ರ. ಆಗಸ್ಟ್ ಕೊನೆಯವರೆಗೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಒಬ್ಬನ ಮಾತು ಸಾಲದು. ಬಂದರು ಒಟ್ಟಾಗಿ, "ನಮ್ಮ ಕೆಲಸದ ಜಾಗ ಇದು, ಮೊದಲು ತೋರಿಸಿದ್ದು ತಪ್ಪು" ಎಂದು ಬರೆದು ಎಲ್ಲರೂ ರುಜು ಹಾಕಬೇಕು. ಯೋಜನೆಗೆ ಕಿವಿ ಇದೆ ಅತ್ತೆ, ಆದರೆ ಹೇಳದಿದ್ದದ್ದು ಅದಕ್ಕೆ ಕೇಳಿಸುವುದಿಲ್ಲ.

ಇನ್ನೊಂದು ಮಾತಿದೆ. ಮದುವೆಯಾದ ವಾರವೇ ಅವರು ನನ್ನ ಅಂಗೈ ಹಿಡಿದು, ಬೆರಳಿನಿಂದ ದಡ ಎಳೆದು, ತಾವು ಬಲೆ ಬಿಡುವ ಜಾಗ ತೋರಿಸಿದ್ದರು. "ಯಾರಿಗೂ ಹೇಳ್ಬೇಡ, ಅಮ್ಮನಿಗೂ" ಎಂದಿದ್ದರು. ಮಾತು ಕೊಟ್ಟಿದ್ದೆ. ವಿಚಾರಣೆಗೆ ಮನೆಯ ಹೆಂಗಸರನ್ನು ಕರೆಯಲಿಲ್ಲ. ಕರೆದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಲ್ಲಿ ಹೇಳಿಕೆ ಕೊಟ್ಟವರು ನಿಮ್ಮ ತಮ್ಮ.

ಆ ಜಾಗ ಯಾವುದೆಂದು ನಾನು ಈಗಲೂ ಬರೆಯುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿ ನಿಮ್ಮ ತಮ್ಮನನ್ನು. ವಾರವಾರವೂ ಹೋಗುತ್ತಿದ್ದ ಜಾಗಕ್ಕೇ ಮನುಷ್ಯ ಹೇಗೆ ದಾರಿ ತಪ್ಪಿ ಹೋಗುತ್ತಾನೆ?

ಇತಿ,
ಸೊಸೆ


ಜುಲೈ ೧೨

ಸೊಸೆಗೆ,

ಕೇಳಿದೆ.

ನಿನ್ನ ಕಾಗದ ಬಂದು ಎಷ್ಟೋ ದಿನ ಕೇಳಲಿಲ್ಲ. ಡೈರಿಯಲ್ಲಿ ಗಾಳಿಯ ದಿಕ್ಕು ಮಾತ್ರ ಬರೆದೆ. ನಿನ್ನೆ ಅವನೇ ಹರಿದ ಬಲೆ ಹೊತ್ತು ಬಂದ. ಡೀಸೆಲ್, ಮಳೆ, ಅಳಿಯನ ಹೊಸ ಮೋಟಾರು, ಒಂದೇ ಸಮ ಹೇಳುತ್ತಿದ್ದ. ನಾನು ಬಲೆಯನ್ನು ಮಡಚಿ ಅವನ ಕೈಗೇ ಕೊಟ್ಟೆ.

"ಏನಕ್ಕಾ, ಹರಿದೇ ಇದೆಯಲ್ಲ?"

"ಇರ್ಲಿ. ನನ್ನ ಮಗ ಎಲ್ಲಿ ಬಲೆ ಬಿಡ್ತಿದ್ದ ಹೇಳು. ಆಮೇಲೆ ಹೆಣೀತೀನಿ."

ಅವನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ರೇಡಿಯೊ ನಿಂತದ್ದು ನಿನ್ನೆಯೇ. ಬಲೆ ಎತ್ತಿಕೊಂಡು ಹೊರಟುಹೋದ. ಅವನ ಬೆನ್ನು ನೋಡಿ ನನಗೆ ಉತ್ತರ ಗೊತ್ತಾಯಿತು. ಆದರೆ ಬೆನ್ನು ಹೇಳಿದ್ದಕ್ಕೆ ರುಜು ಹಾಕಿಸಲಾಗುವುದಿಲ್ಲವಲ್ಲ.

ಶೆಡ್ಡಿನ ಹೆಂಗಸರೆಲ್ಲ ಕೇಳಿಸಿಕೊಂಡಿದ್ದರು. ಒಬ್ಬೊಬ್ಬಳೇ ದಾರವನ್ನು ಸೂಜಿಗೆ ಸುತ್ತಿ ಬುಟ್ಟಿಗೆ ಹಾಕಿದಳು. ಇವತ್ತು ಬೆಳಿಗ್ಗೆ ಗಡ್ಡದವನು ಬಂದು ಕೂಗಾಡಿದ: "ಹೀಗೆ ಎಲ್ಲರ ಹೊಟ್ಟೆ ಮೇಲೆ ಹೊಡೆದ್ರೆ ಹೇಗೆ?" ನನ್ನ ಪಕ್ಕ ಕೂರುವ ಮುದುಕಿ, ಹಲ್ಲಿಲ್ಲದಿದ್ದರೂ ಮಾತು ಕಚ್ಚುತ್ತದೆ, "ಹೊಟ್ಟೆ ಮೇಲೆ ಹೊಡೆದಿದ್ದು ಆ ಗೋಡೆ ಮೇಲಿನ ನಕ್ಷೆ. ಅದಕ್ಕೆ ಬಣ್ಣ ಬಳಿದ ಕೈ ಯಾರದ್ದು, ನಂದಾ?" ಎಂದಳು.

ಎಲ್ಲರೂ ಒಂದೆಡೆ ಕೂತು ನಿಜ ಹೇಳುವವರೆಗೆ ಈ ಬಂದರಿನಲ್ಲಿ ಬಲೆಯ ಒಂದು ಕಣ್ಣನ್ನೂ ಹೆಣೆಯುವುದಿಲ್ಲ ಎಂದು ಹೇಳಿ ಕಳಿಸಿದ್ದೇವೆ. ಹೀಗೊಂದು ಕೆಲಸ ಮಾಡುತ್ತೇನೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಕೈಗಳು ಕೆಲಸವಿಲ್ಲದೆ ತೊಡೆಯ ಮೇಲೆ ಸುಮ್ಮನೆ ಬಿದ್ದಿವೆ.

ಇತಿ,
ಅತ್ತೆ


ಆಗಸ್ಟ್ ೪

ಸೊಸೆಗೆ,

ಈ ಕಾಗದವನ್ನು ಕುಳಿತು ಓದು. ನಾನು ನಿಂತು ಬರೆಯುತ್ತಿದ್ದೇನೆ, ಕೂರಲು ಆಗುತ್ತಿಲ್ಲ.

ಹರಿದ ಬಲೆಗಳಿಂದ ಮೀನು ಜಾರಿ ಜಾರಿ, ಕೊನೆಗೆ ಗಡ್ಡದವನೇ ಹರಾಜಿನಕ್ಕನ ಹತ್ತಿರ ಹೋಗಿ, "ಸಭೆ ಕರಿ ಮಾರಾಯ್ತಿ" ಎಂದನಂತೆ. ಇವತ್ತು ಬೆಳಿಗ್ಗೆ ಮೀನು ಎತ್ತಿ ನೆಲ ತೊಳೆದ ಮೇಲೆ ಎಲ್ಲರೂ ಸೇರಿದರು. ಅವಳು ಸಿಮೆಂಟಿನ ಮೇಲೆ ಸುಣ್ಣದ ಕಡ್ಡಿಯಿಂದ ದಡ ಎಳೆದಳು. ಬಕೆಟ್ಟು ಬೋರಲು ಹಾಕಿ ದೀಪಸ್ತಂಭ ಮಾಡಿದಳು. ಪ್ರತಿ ದೋಣಿಯವನೂ ತನ್ನ ಬಲೆಯ ಬೆಂಡು ತಂದು, ತಾನು ಬಲೆ ಬಿಡುವ ಜಾಗದಲ್ಲಿ ಇಡಬೇಕು. ಬೆಂಡಿಗೆ ಹಚ್ಚಿದ ಬಣ್ಣ ನೋಡಿದರೆ ಯಾರದೆಂದು ಮಕ್ಕಳಿಗೂ ಗೊತ್ತು. ಮೊದಲು ಇಟ್ಟವನ ಗುಟ್ಟು ಮೊದಲು ಹೋಗುತ್ತದೆ ಎಂಬ ಜಗಳ ಬೇಡವೆಂದು, ತಾನು ಹರಾಜು ಕೂಗುತ್ತೇನೆ, ಮೂರನೆಯ ಸಲಕ್ಕೆ ಎಲ್ಲರೂ ಒಟ್ಟಿಗೆ ಇಡಬೇಕು ಎಂದಳು.

ತಕ್ಕಡಿಯ ಕಟ್ಟೆ ಹತ್ತಿ ಕೂಗಿದಳು: "ಒಂದು ಸಲ! ಎರಡು ಸಲ! ಮೂರು ಸಲ!"

ಒಬ್ಬನೂ ಅಲ್ಲಾಡಲಿಲ್ಲ! ಎಲ್ಲರೂ ಬೆಂಡನ್ನು ಎದೆಗೆ ಅವಚಿಕೊಂಡು ಪಕ್ಕದವನ ಕೈ ನೋಡುತ್ತಾ ನಿಂತಿದ್ದರು.

"ಥೂ ನಿಮ್ಮ! ಕೊಳೆತ ಮೀನಿಗಾದ್ರೂ ಇದಕ್ಕಿಂತ ಬೇಗ ಕೂಗ್ತಾರೆ" ಎಂದಳು.

ಆಗ ನನ್ನ ತಮ್ಮ ಹೊರಗೆ ನಡೆದ. ಓಡಿಹೋದ ಎಂದೇ ನಾನು ತಿಳಿದೆ. ಅವನು ಶೆಡ್ಡಿಗೆ ಹೋಗಿ, ಕೊನೆಯ ಕೊಕ್ಕೆಯ ಬಲೆಯಿಂದ ಒಂದು ಹಳದಿ ಬೆಂಡು ಬಿಚ್ಚಿಕೊಂಡು ಬಂದ. ದಡದಿಂದ ಹೆಜ್ಜೆ ಹಾಕುತ್ತಾ ದಕ್ಷಿಣಕ್ಕೆ ಹೋಗಿ, ತಗ್ಗಿರುವ ಕಡೆ, ನಕ್ಷೆಯಲ್ಲಿ ನೀಲಿ ಪಟ್ಟಿ ಇರುವ ಕಡೆ ಅದನ್ನು ಇಟ್ಟ.

"ನಮ್ಮ ಹುಡುಗ ದಾರಿ ತಪ್ಪಿರ್ಲಿಲ್ಲ" ಎಂದ. ಸಣ್ಣ ದನಿ, ಆದರೆ ಆ ಕಟ್ಟಡದಲ್ಲಿ ಪಿಸುಮಾತೂ ಮೊಳಗುತ್ತದೆ. "ಬಲೆ ಬಿಟ್ಟಿದ್ದ. ನನ್ನ ಪಕ್ಕದಲ್ಲೇ. ನಾನೇ ಅವನಿಗೆ ಆ ಜಾಗ ತೋರಿಸಿದ್ದು. ಅಲ್ಲಿ ಯಾರಾದ್ರೂ ಮೀನು ಹಿಡೀತಾರಾ ಅಂತ ವಿಚಾರಣೇಲಿ ಕೇಳಿದ್ರು. ಇಲ್ಲ ಅಂದೆ. ಜಾಗ ಉಳಿಸ್ಕೊಂಡೆ, ಅವನ ಹೆಸರು ಕಳೆದೆ."

ತನ್ನ ಕೆಂಪು ಬೆಂಡನ್ನು ಹಳದಿಯ ಪಕ್ಕ ಇಟ್ಟು ಅಲ್ಲೇ ಕುಳಿತುಬಿಟ್ಟ.

ನಾನು ಏನು ಮಾಡಿದೆ ಎಂದು ಕೇಳಬೇಡ. ಏನೂ ಮಾಡಲಿಲ್ಲ. ಮುದುಕಿ ನನ್ನ ಕೈ ಹಿಡಿದುಕೊಂಡಿದ್ದಳು.

ಆಮೇಲೆ ಗಡ್ಡದವನು ಮುಂದೆ ಬಂದು ತನ್ನ ನೀಲಿ ಬೆಂಡನ್ನು ಕೆಂಪಿನ ಪಕ್ಕ ಇಟ್ಟ. ಅವನ ಹಿಂದೆ ಬಿಳಿಯದು, ಪಟ್ಟೆಯದು, ಕಪ್ಪು, ಹಸಿರು. ಟಪ್ ಟಪ್ ಎಂದು ಒಂದಕ್ಕೊಂದು ಬಡಿಯುತ್ತಾ ಬಿದ್ದವು. ತಲೆಯೆತ್ತಿ ನೋಡಿದರೆ ಇಷ್ಟಗಲ ಕಡಲಿನಲ್ಲಿ ಬೇರೆ ಎಲ್ಲೂ ಒಂದು ಬೆಂಡಿಲ್ಲ! ಬಂದರಿನ ಅಷ್ಟೂ ಬಣ್ಣ ಆ ತಗ್ಗಿನಲ್ಲೇ ಗುಡ್ಡೆಯಾಗಿತ್ತು.

"ನೀನೂನಾ?"

"ನೀನು ಸುಮ್ನೆ ದಾಟಿ ಹೋಗ್ತಿದ್ದೀಯ ಅಂದ್ಕೊಂಡಿದ್ದೆ ಕಣೋ!"

"ನಾನೂ ಹಾಗೇ ಅಂದ್ಕೊಂಡಿದ್ದೆ. ಮಂಜಲ್ಲಿ ನಿನ್ನ ಕೆಮ್ಮು ಕೇಳಿಸ್ತಿತ್ತು."

"ನಿಮ್ಮಪ್ಪ ತೋರ್ಸಿದ್ನಾ? ನಿಮ್ಮಪ್ಪನಿಗೆ ತೋರ್ಸಿದ್ದೇ ನಮ್ಮಪ್ಪ!"

ಯಾರು ಮೊದಲು ನಕ್ಕರೋ ಕಾಣೆ. ಆ ನಗು ತಗಡಿನ ಮಾಡಿಗೆ ಬಡಿದು ಮಳೆಯ ಹಾಗೆ ಕೆಳಗೆ ಬಿತ್ತು. ಗಂಡಸರು ಹೊಟ್ಟೆ ಹಿಡಿದುಕೊಂಡು ಒದ್ದೆ ನೆಲದ ಮೇಲೆ ಕುಳಿತರು. ತಲೆಮಾರುಗಳಿಂದ ಅಪ್ಪನಿಂದ ಮಗನಿಗೆ ಕಿವಿಯಲ್ಲಿ ಬಂದ ಗುಟ್ಟು ಎಲ್ಲರ ಮನೆಯಲ್ಲೂ ಒಂದೇ. ನನ್ನ ತಮ್ಮ ಅಳುತ್ತಲೇ ನಗುತ್ತಿದ್ದ. ನಾನೂ ನಕ್ಕೆ. ಮಗ ಹೋದಮೇಲೆ ಮೊದಲ ಸಲ. ತಪ್ಪೆನಿಸಲಿಲ್ಲ.

ತಕರಾರು ಬರೆದಾಯಿತು. ಎಲ್ಲರೂ ರುಜು ಹಾಕಿದ್ದಾರೆ. ಉತ್ತರದ ಹಸಿರು ಸುಳ್ಳೆಂದೂ ಬರೆದಿದ್ದೇವೆ. ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ.

ಸಂಜೆ ಸೂಜಿಗೆ ದಾರ ಪೋಣಿಸಿ ಮೊದಲು ತಮ್ಮನ ಬಲೆಯನ್ನೇ ಎತ್ತಿಕೊಂಡೆ. ಅವನು ಬಾಗಿಲಲ್ಲಿ ನಿಂತಿದ್ದ. "ಒಳಗೆ ಬಾ, ಬೆಳಕಿಗೆ ಅಡ್ಡ ನಿಲ್ಬೇಡ" ಎಂದೆ. ಅಷ್ಟೇ ಅಂದದ್ದು.

ಇತಿ,
ನಿನ್ನ ಅತ್ತೆ

ನೀನು ಸರಿಯಾಗಿಯೇ ಹೇಳಿದ್ದೆ. ಅವನು ದಾರಿ ತಪ್ಪುವ ಮನುಷ್ಯ ಅಲ್ಲ.


ಅಕ್ಟೋಬರ್ ೬

ಸೊಸೆಗೆ,

ಬಸ್ಸು ಸುಖವಾಗಿ ಊರು ತಲುಪಿತು. ದಾರಿಯುದ್ದಕ್ಕೂ ರೇಡಿಯೊ ಹಾಡುತ್ತಿತ್ತು. ಬಸ್ಸಿನ ರೇಡಿಯೊ ಅಲ್ಲ, ನಮ್ಮದು.

ನಮ್ಮ ತಕರಾರಿನ ಮೇಲೆ ನಿನ್ನ ಕಚೇರಿಯಲ್ಲಿ ಸಭೆ ನಡೆಯುವಾಗ ನೀನು ಬಾಗಿಲ ಹೊರಗೆ, ಆ ಹಸಿರು ಬೆಂಚಿನ ಮೇಲೆ ಕುಳಿತಿದ್ದೆ. ಆ ಮನೆಯವಳು ಒಳಗೆ ಬರಬಾರದೆಂದು ನೀನೇ ಮಾಡಿಕೊಂಡ ನಿಯಮ. ಒಳಗೆ ನಡೆದದ್ದನ್ನು ಹೊರಗೆ ಬಂದಮೇಲೆ ಹೇಳಬೇಕೆಂದಿದ್ದೆ. ಆದರೆ ಆ ಬೆಂಚಿನ ಮೇಲೆ ನಾವಿಬ್ಬರೂ ಬೇರೆ ಕೆಲಸದಲ್ಲಿದ್ದೆವು, ಮಾತಿಗೆ ಸಮಯವಾಗಲಿಲ್ಲ. ನೀನು ಕೊಟ್ಟ ಕರವಸ್ತ್ರ ತೊಳೆದಿಟ್ಟಿದ್ದೇನೆ. ಈಗ ಹೇಳುತ್ತೇನೆ.

ಉದ್ದನೆಯ ಮೇಜು. ಒಂದು ಕಡೆ ನಾವು, ಎದುರಿಗೆ ಹಡಗು ಕಂಪನಿಯವರು, ಬದಿಗೆ ಗಾಳಿಯಂತ್ರದವರು. ಹಡಗು ಕಂಪನಿಯ ಕೋಟಿನವನು, ಹಾದಿ ಹೊರಗೆ ಸರಿದರೆ ಸುತ್ತಾಗುತ್ತದೆ, ಎಣ್ಣೆ ಹೆಚ್ಚು ಬೇಕು ಎಂದು ತುಂಬಾ ಹೊತ್ತು ಹೇಳಿದ. ಅವನ ಪಕ್ಕ ಒಬ್ಬ ನರೆತ ಕೂದಲಿನ ಕಪ್ತಾನ ಸುಮ್ಮನೆ ಕುಳಿತಿದ್ದ. ಹಿರಿಯ ಅಧಿಕಾರಿ ಅವನ ಕಡೆ ತಿರುಗಿ, "ನೀವೇನು ಹೇಳ್ತೀರಿ?" ಎಂದರು.

"ಆ ತಗ್ಗು ದಾಟುವಾಗೆಲ್ಲ ಮಂಜಿದ್ರೆ ನಾನು ಉಸಿರು ಬಿಗಿ ಹಿಡ್ಕೊಂಡಿರ್ತೀನಿ" ಎಂದ ಕಪ್ತಾನ. "ಕೆಳಗೆ ಯಾರೋ ಇದಾರೆ ಅಂತ ಮನಸ್ಸು ಹೇಳುತ್ತೆ, ಕಾಗದ ಯಾರೂ ಇಲ್ಲ ಅನ್ನುತ್ತೆ. ಇವತ್ತು ಇವರೇ ಬಂದು ಇದ್ದೀವಿ ಅಂತಿದಾರೆ. ಸುತ್ತು ಹಾಕ್ತೀನಿ ಸ್ವಾಮಿ. ಎಣ್ಣೆ ಸ್ವಲ್ಪ ಜಾಸ್ತಿ ಹೋಗುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ."

ಕೋಟಿನವನು ಕಾಗದಗಳನ್ನು ಜೋಡಿಸತೊಡಗಿದ. ಆಗ ಗಾಳಿಯಂತ್ರದ ಹೆಂಗಸು ಕೈಯೆತ್ತಿ, ಉತ್ತರದ ಹಸಿರು ನಿಜವಾಗಿಯೂ ಬೇಡವೇ ಎಂದು ಕೇಳಿದಳು. ಕಂಬ ನೆಡಲು ಅವರಿಗೆ ಬೇಕಿದ್ದದ್ದೇ ಕಲ್ಲಿನ ತಳವಂತೆ! ನಮ್ಮವರು ಮೀಸಲು ಕೇಳಿದ್ದರಿಂದ ಬಿಟ್ಟುಕೊಟ್ಟಿದ್ದರಂತೆ. ನನ್ನ ತಮ್ಮ ಎದ್ದು ನಿಂತು, "ತಗೊಳ್ಳಿ ತಾಯಿ, ಪೂರ್ತಿ ತಗೊಳ್ಳಿ, ನಮ್ಮಜ್ಜನ ಕಾಲದಿಂದ ಅಲ್ಲಿ ಒಂದು ಮೀನಿಲ್ಲ" ಎಂದ. ಇಡೀ ಕೋಣೆ ನಕ್ಕಿತು. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನು ಮೇಲೆ ಯಾವ ಬಂದರಿಗೂ ಬಣ್ಣದ ಪೆನ್ಸಿಲ್ ಕಳಿಸಲ್ಲ, ಬೆಂಡು ತನ್ನಿ ಅಂತೀವಿ" ಎಂದರು.

ಆ ನಗು ನಿನಗೆ ಬಾಗಿಲ ಹೊರಗೆ ಕೇಳಿಸಿತು ಎಂದೆಯಲ್ಲ, ಅದು ಇದೇ.

ಇತಿ,
ನಿನ್ನ ಅತ್ತೆ


ಜನವರಿ ೨೦

ಅತ್ತೆಗೆ,

ಆಯಿತು ಅತ್ತೆ. ದೇಶದ ಕಡಲ ಯೋಜನೆಗೆ ಇವತ್ತು ರುಜು ಬಿತ್ತು. ಇನ್ನು ಯಾರೇ ಕಡಲಿನಲ್ಲಿ ಏನೇ ಮಾಡಬೇಕಾದರೂ ಮೊದಲು ಈ ನಕ್ಷೆ ನೋಡಬೇಕು. ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಕನ್ನಡಕದ ಹುಡುಗಿ ನನ್ನನ್ನು ಎತ್ತಿ ತಿರುಗಿಸಿದಳು.

ನಿಮ್ಮ ಬೆಂಡಿನ ಸಭೆ ಈಗ ಯೋಜನೆಯ ಭಾಗ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕರಾವಳಿಯ ಎಲ್ಲ ಬಂದರುಗಳಲ್ಲೂ ನೆಲದ ಮೇಲೆ ಸುಣ್ಣದಲ್ಲಿ ದಡ ಎಳೆದು ಮತ್ತೆ ಕೇಳಿದೆವು. ನಿಮ್ಮವರು ಒಬ್ಬರೇ ಸುಳ್ಳರೆಂದು ತಿಳಿಯಬೇಡಿ! ಹಸಿರು ಅರ್ಧಕ್ಕರ್ಧ ಜಾಗ ಬದಲಾಯಿಸಿತು. ಎಷ್ಟು ದೋಣಿಗಳು ಹಡಗಿನ ಹಾದಿಯಿಂದ ಹೊರಗೆ ಬಂದವೋ, ಎಷ್ಟು ಮನೆಗಳಿಗೆ ಅದು ಗೊತ್ತೇ ಆಗುವುದಿಲ್ಲವೋ.

ನಿಮ್ಮ ಹಾಳೆಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ತಗ್ಗಿನ ಮೇಲೆ, "ಸಣ್ಣ ದೋಣಿಗಳ ಕೆಲಸದ ಜಾಗ, ತಲೆಮಾರುಗಳಿಂದ" ಎಂದಿದೆ. ನೀಲಿ ಪಟ್ಟಿ ಅದನ್ನು ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ.

ಇನ್ನೊಂದು ಹಾಳೆ ನಿಮ್ಮ ತಮ್ಮನ ಹೊಸ ಹೇಳಿಕೆಯ ಮೇಲೆ ವಿಚಾರಣೆಯವರು ಕೊಟ್ಟದ್ದು. ಹಳೆಯ ಸಾಲನ್ನು ಹೊಡೆದು ಹಾಕಿದ್ದಾರೆ. ಹೊಸದನ್ನು ನಾನು ಇಲ್ಲಿ ಬರೆಯುವುದಿಲ್ಲ, ನೀವೇ ಓದಿ. ಜೋರಾಗಿ ಓದಿ.

ಇತಿ,
ನಿಮ್ಮ ಸೊಸೆ


ಫೆಬ್ರವರಿ ೧೧

ಸೊಸೆಗೆ,

ಜೋರಾಗಿ ಓದಿದೆ. ಶೆಡ್ಡಿನಲ್ಲಿ, ಎಲ್ಲರ ಮುಂದೆ. "ತನ್ನ ಕೆಲಸದ ಜಾಗದಲ್ಲಿ, ಸರಿಯಾದ ದೀಪ ಹಾಕಿಕೊಂಡು, ಬಲೆ ಬಿಟ್ಟಿದ್ದಾಗ." ಮುದುಕಿಗೆ ಕಿವಿ ಮಂದ, ಇನ್ನೊಂದು ಸಲ ಓದು ಎಂದಳು. ಓದಿದೆ. ಮೂರನೆಯ ಸಲ ಕೇಳಿದಾಗ ಅವಳ ಕಿವಿ ಮಂದವಲ್ಲ, ಬುದ್ಧಿ ಚುರುಕು ಎಂದು ತಿಳಿಯಿತು. ಆದರೂ ಓದಿದೆ.

ಮಾರನೆಯ ದಿನ ಕೊನೆಯ ಕೊಕ್ಕೆಯಿಂದ ಅವನ ಬಲೆ ಇಳಿಸಿದೆ. ಹರಿದದ್ದು ಅಂಥಾ ದೊಡ್ಡದೇನಲ್ಲ, ಒಂದು ಬೆಳಗಿನ ಕೆಲಸ. ಹಳದಿ ಬೆಂಡನ್ನು ಮತ್ತೆ ಕಟ್ಟಿದೆ. ತಮ್ಮ ಬಂದು, "ಅಕ್ಕಾ, ಇದನ್ನ ನಾನು ಬಿಡ್ಲಾ?" ಎಂದು ಕೇಳಿದ. "ಬಿಡು, ಆದ್ರೆ ನಾನೂ ಬರ್ತೀನಿ" ಎಂದೆ.

ಶೆಡ್ಡಿನ ಹೆಂಗಸರೆಲ್ಲ ಹೊರಟೆವು, ಹರಾಜಿನಕ್ಕನೂ ಬಂದಳು. ಇಷ್ಟು ವರ್ಷ ಬಲೆ ಹೆಣೆದರೂ ಅವು ನೀರಿಗೆ ಬೀಳುವ ಜಾಗ ನಾವ್ಯಾರೂ ಕಂಡಿರಲಿಲ್ಲ. ದೋಣಿಗಳು ಸಾಲಾಗಿ ಬಂದರಿನಿಂದ ಹೊರಟವು. ಅಭ್ಯಾಸಬಲ, ಗಡ್ಡದವನು ಮೊದಲು ಉತ್ತರಕ್ಕೇ ತಿರುಗಿಸಿದ! ಹರಾಜಿನಕ್ಕ ಬಾಯಿಗೆ ಕೈಯಿಟ್ಟು, "ಏಯ್, ಯಾರಿಗೆ ಟೋಪಿ ಹಾಕ್ತೀಯೋ?" ಎಂದು ಕೂಗಿದಳು. ಅವನು ನಾಚಿಕೊಂಡು ಸುತ್ತು ಹೊಡೆದು ನಮ್ಮ ಹಿಂದೆ ಬಂದ. ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೆ, ಇಡೀ ಬಂದರು ದಕ್ಷಿಣಕ್ಕೆ ಹೊರಟದ್ದು ಇದೇ ಮೊದಲು.

ತಗ್ಗಿನ ಮೇಲೆ ನೀರಿನ ಬಣ್ಣವೇ ಬೇರೆ, ಸ್ವಲ್ಪ ಗಾಢ, ತುಂಬಾ ಶಾಂತ. ನನ್ನ ಮಗ ಕೊನೆಗೆ ಕಂಡದ್ದು ಇದೇ ನೀರು ಎಂದುಕೊಂಡೆ. ಭಯವಾಗುತ್ತದೆ ಎಂದು ತಿಳಿದಿದ್ದೆ. ಮಗ ಕೆಲಸ ಮಾಡುತ್ತಿದ್ದ ಕಚೇರಿಗೆ ಬಂದ ಹಾಗೆ ಇತ್ತು. ತಮ್ಮ ಬಲೆ ಬಿಟ್ಟ. ಹಳದಿ ಬೆಂಡುಗಳು ಒಂದೊಂದಾಗಿ ನೀರಿಗಿಳಿದು, ಒಮ್ಮೆ ಮುಳುಗಿ, ಮೇಲೆ ಬಂದು ಸಾಲಾಗಿ ನಿಂತವು.

ಅಷ್ಟರಲ್ಲಿ ದೂರದಲ್ಲಿ ಹಡಗು ಕಂಡಿತು. ಮನೆಯಷ್ಟಲ್ಲ, ಬೀದಿಯಷ್ಟು ದೊಡ್ಡದು. ಅದು ನೇರ ನಮ್ಮ ಕಡೆಗೇ ಬರುತ್ತಾ ಬರುತ್ತಾ, ಕಾಣದ ಮೂಲೆಯೊಂದರಲ್ಲಿ ರಸ್ತೆ ತಿರುಗಿದ ಹಾಗೆ ನಿಧಾನವಾಗಿ ಹೊರಕ್ಕೆ ತಿರುಗಿತು. ನೀನು ಮತ್ತು ನಿನ್ನವರು ಎಳೆದ ಗೆರೆ, ನೀರಿನ ಮೇಲೆ ಎಲ್ಲೂ ಕಾಣುವುದಿಲ್ಲ. ಆದರೆ ಅಷ್ಟು ದೊಡ್ಡ ಹಡಗು ಅದನ್ನು ಕಂಡಿತು. ದಾಟಿ ಹೋಗುವಾಗ ಉದ್ದಕ್ಕೆ ಒಮ್ಮೆ ಕೊಂಬು ಊದಿತು. ಆ ನರೆತ ಕಪ್ತಾನನೇ ಇರಬೇಕು ಎಂದ ತಮ್ಮ. ನಾವೆಲ್ಲ ಎದ್ದು ನಿಂತು ಕೈ ಬೀಸಿದೆವು, ಮುದುಕಿಯಂತೂ ಎರಡೂ ಕೈ. ದೋಣಿ ಎಷ್ಟು ತೂಗಾಡಿತೆಂದರೆ ರೇಡಿಯೊ, "ಕೂತ್ಕೊಳ್ರೇ, ಈಗ ಮುಳುಗಿದ್ರೆ ನಕ್ಷೆ ಮೇಲೆ ತಪ್ಪು ಹೊರಿಸೋ ಹಾಗಿಲ್ಲ!" ಎಂದು ಬೈದ.

ಬಲೆ ತುಂಬಿ ಬಂತು. ಮೇಲೆಳೆಯುವಾಗ ನಾನು ಹಾಕಿದ ಗಂಟು ಒಂದೂ ಬಿಚ್ಚಿರಲಿಲ್ಲ.

ಕಡಲ ಕೆಲಸ ಮುಗಿಯಿತಲ್ಲ, ಕಚೇರಿಯವರು ರಜೆ ಕೊಡುತ್ತಾರೆ ಎಂದುಕೊಂಡಿದ್ದೇನೆ. ನಿನ್ನ ಕೋಣೆಯ ಕಿಟಕಿ ತೆಗೆದು ಗಾಳಿಯಾಡಿಸಿದ್ದೇನೆ. ನೀನು ಕಳಿಸಿದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಟ್ಟಿದ್ದೇನೆ, ಆದರೆ ಸರಕಾರದವರು ಬರೆದದ್ದನ್ನು ಒಮ್ಮೆಲೇ ನಂಬುವ ಅತ್ತೆ ಈಗ ನಾನಲ್ಲ. ಮಗ ಬೆರಳಿನಿಂದ ಎಳೆದು ತೋರಿಸಿದ ನಕ್ಷೆ ನಿನ್ನ ಹತ್ತಿರ ಇದೆ. ಬಂದು ಮೇಜಿನ ಈ ಕಡೆ ಕೂತು ನಿನ್ನ ಅಂಗೈ ಕೊಡು. ಎರಡೂ ಸರಿಯಾಗಿ ಕೂಡುತ್ತವೆಯೇ ನೋಡುತ್ತೇನೆ.

ದಾರಿ ಕಾಯುತ್ತಾ,
ನಿನ್ನ ಅತ್ತೆ